ಕಲ್ಲು ಆರಿಸೋ ಕೆಲಸ ಎಡಿಟರ್‌ಗೇ ಬಿಡಿ

ಸಿಂಧನೂರಿನ ಅಕ್ಕಿ ಎಷ್ಟೇ ಚೆನ್ನಾಗಿರಲಿ, ಮೊರಕ್ಕೆ ಹಾಕಿ ಒಮ್ಮೆ ಕಣ್ಣಾಡಿಸದೆ ಯಾರೂ ಒಲೆ ಮೇಲೆ ಇಡೋದಿಲ್ಲ. ಕೋಡ್‌ಗೂ ಅಂಥದ್ದೊಂದು ಮೊರ ಇದೆ, ಅದೇ ಲಿಂಟರ್. ಬೆಲ್ ಲ್ಯಾಬ್ಸ್‌ನ ಸ್ಟೀಫನ್ ಜಾನ್ಸನ್ 1978ರಲ್ಲಿ ಸಿ ಭಾಷೆಗಾಗಿ ಬರೆದ ‘ಲಿಂಟ್’ನಿಂದ ಬಂದ ಹೆಸರು. ಲಿಂಟ್ ಅಂದ್ರೆ ಬಟ್ಟೆಗೆ ಅಂಟಿದ ನೂಲಿನ ಜುಂಗು. ಮಸ್ಕಿ, ಲಿಂಗಸುಗೂರು ಕಡೆಯ ಹತ್ತಿ ಬೆಳೆಗಾರರು ನಗಬಹುದು. ಬೀಜ ಬಿಡಿಸಿದ ಅರಳೆಗೂ ಲಿಂಟ್ ಅಂತಲೇ ಹೆಸರು, ಅಲ್ಲಿ ಅದೇ ಮಾಲು, ಇಲ್ಲಿ ಅದೇ ಕಸ!

ಇದು ಯಾಕೆ ಬೇಕು? ಊರಿನ ಗೊಬ್ಬರದ ಅಂಗಡಿಗೆ ನೀವು ಪೈಥಾನ್‌ನಲ್ಲಿ ಬಿಲ್ಲಿಂಗ್ ಪ್ರೋಗ್ರಾಂ ಬರೆದುಕೊಟ್ಟಿದ್ದೀರಿ ಅಂತ ಇಟ್ಕೊಳ್ಳಿ. ‘ಬಾಕಿ’ ಅನ್ನೋ ವೇರಿಯಬಲ್ ಒಂದೇ ಒಂದು ಕಡೆ ‘ಬಕಿ’ ಆಗಿದೆ. ಆ ಸಾಲು ತಲುಪೋವರೆಗೂ ಪೈಥಾನ್ ಸುಮ್ಮನಿರುತ್ತೆ. ನಗದು ಗಿರಾಕಿಗಳಿಗೆಲ್ಲ ಬಿಲ್ ಸರಿಯಾಗೇ ಬರುತ್ತೆ. ಸುಗ್ಗಿ ಮುಗಿದು, ಉದ್ರಿ ತೀರಿಸೋಕೆ ರೈತರು ಸಾಲಾಗಿ ನಿಂತ ದಿನವೇ ಪ್ರೋಗ್ರಾಂ ಕುಸಿಯುತ್ತೆ. ಫೋನ್ ಬರೋದು ಯಾರಿಗೆ ಅಂತ ಹೇಳಬೇಕಾಗಿಲ್ಲ. ಲಿಂಟರ್ ಇದ್ದಿದ್ರೆ ಟೈಪ್ ಮಾಡ್ತಿದ್ದಾಗಲೇ ಆ ಹೆಸರಿನ ಕೆಳಗೆ ಕೆಂಪು ಅಲೆ ಎಳೆದಿರ್ತಿತ್ತು.

ವಿಎಸ್ ಕೋಡ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಕ್ಸ್ ಒಟ್ಟಿಗೆ ಒತ್ತಿ, ‘ರಫ್’ ಅಂತ ಹುಡುಕಿ ಇನ್‌ಸ್ಟಾಲ್ ಮಾಡಿ. ಪೈಥಾನ್‌ಗೆ ಅಷ್ಟೇ ಸಾಕು. ಇಳಿಸಿಕೊಳ್ಳೋಕೆ ಮಾತ್ರ ನೆಟ್ ಬೇಕು. ಆಮೇಲೆ ತಪಾಸಣೆಯೆಲ್ಲ ನಿಮ್ಮ ಲ್ಯಾಪ್‌ಟಾಪ್‌ನಲ್ಲೇ. ಊರಿಂದ ಕೆಲಸ ಮಾಡೋರಿಗೆ ಇದು ಸಣ್ಣ ಮಾತಲ್ಲ.

ಜಾವಾಸ್ಕ್ರಿಪ್ಟ್‌ಗೆ ಇಎಸ್‌ಲಿಂಟ್. ಇಲ್ಲಿ ಎಕ್ಸ್‌ಟೆನ್ಷನ್ ಒಂದೇ ಸಾಲದು; ಪ್ರಾಜೆಕ್ಟ್ ಫೋಲ್ಡರ್‌ನಲ್ಲಿ ಇಎಸ್‌ಲಿಂಟ್ ಪ್ಯಾಕೇಜ್ ಮತ್ತು ಒಂದು ಕಾನ್ಫಿಗ್ ಫೈಲ್ ಕೂಡ ಇರಬೇಕು. ಹಳೇ ಯೂಟ್ಯೂಬ್ ಪಾಠ ನೋಡಿ ಕೂತರೆ ತಲೆ ಕೆಡುತ್ತೆ, ಯಾಕಂದ್ರೆ 2024ರಲ್ಲಿ ಬಂದ 9ನೇ ಆವೃತ್ತಿಯಿಂದ ಕಾನ್ಫಿಗ್ ಫೈಲಿನ ಹೆಸರು, ರೂಪ ಎರಡೂ ಬದಲಾಗಿವೆ. ವಿಡಿಯೋ ತಾರೀಖು ನೋಡಿಯೇ ಮುಂದುವರಿಯಿರಿ.

ಹಳೇ ಪ್ರಾಜೆಕ್ಟ್‌ನಲ್ಲಿ ಮೊದಲ ಸಲ ಲಿಂಟರ್ ಹಾಕಿದಾಗ ನೂರಾರು ಹಳದಿ ಗೆರೆ ಕಾಣಿಸಿದ್ರೆ ಗಾಬರಿ ಬೇಡ. ಕೆಂಪು ಮೊದಲು. ಉಳಿದದ್ದನ್ನ ಆ ಫೈಲ್ ಮುಟ್ಟಿದಾಗ ನೋಡಿಕೊಂಡ್ರಾಯ್ತು. ಎಲ್ಲವನ್ನೂ ಒಂದೇ ರಾತ್ರಿ ತಿದ್ದೋ ಹುಮ್ಮಸ್ಸು ನನಗಂತೂ ಇಷ್ಟವಿಲ್ಲ; ಸರಿ ಇದ್ದದ್ದೂ ಕೆಡುತ್ತೆ.

ಒಂದು ಮಾತ್ರ ತಿಳಿದಿರಿ. 75 ಕೆಜಿ ಭತ್ತದ ಚೀಲದ ದರವನ್ನ ಕ್ವಿಂಟಲ್ ದರ ಅಂದ್ಕೊಂಡು ನೀವು ಗುಣಿಸಿದ್ರೆ ಲಿಂಟರ್ ತುಟಿ ಬಿಚ್ಚೋದಿಲ್ಲ. ವ್ಯಾಕರಣ ಸರಿ ಇದೆಯಲ್ಲ! ಬಳಕೆದಾರರು ಕನ್ನಡ ಅಂಕಿಯಲ್ಲಿ ೭೫ ಅಂತ ಟೈಪ್ ಮಾಡಿದ್ರೆ ಪೈಥಾನ್‌ನ ‘ಇಂಟ್’ ಅದನ್ನ 75 ಅಂತ ಓದಿಕೊಳ್ಳುತ್ತೆ, ಜಾವಾಸ್ಕ್ರಿಪ್ಟ್‌ನ ‘ನಂಬರ್’ ಸಂಖ್ಯೆಯೇ ಅಲ್ಲ ಅನ್ನುತ್ತೆ. ಇಂಥವನ್ನ ಹಿಡಿಯೋಕೆ ಟೆಸ್ಟ್ ಬರೀಬೇಕು. ಅದು ಮುಂದಿನ ವಾರ.