ಹೊಳೆಯೇ ದಾರಿಯಾಗುವ ತಿಂಗಳು

ಮದ್ರಸಕ್ಕೆ ಬರುವ ಪುಟ್ಟ ಮಕ್ಕಳಿಗೂ ಬಾಯಿಪಾಠವಿರುವ ಅಧ್ಯಾಯ ಸೂರಃ ಕುರೈಶ್. ಕುರೈಶರ ಚಳಿಗಾಲದ ಪ್ರಯಾಣ, ಬೇಸಗೆಯ ಪ್ರಯಾಣ ಎರಡರ ಪ್ರಸ್ತಾಪವೂ ಅದರಲ್ಲಿದೆ. ಚಳಿಗಾಲದಲ್ಲಿ ಅವರ ವ್ಯಾಪಾರದ ತಂಡಗಳು ಬೆಚ್ಚಗಿನ ಯಮನಿನತ್ತ, ಬೇಸಗೆಯಲ್ಲಿ ತಂಪಾದ ಶಾಮ್ ದೇಶದತ್ತ ಹೊರಡುತ್ತಿದ್ದವು ಎಂದು ವ್ಯಾಖ್ಯಾನಕಾರರು ಬರೆದಿದ್ದಾರೆ. ಇದನ್ನು ಹೇಳಿದರೆ ಮಕ್ಕಳು ಕೂಡಲೇ ತಲೆಯಾಡಿಸುತ್ತಾರೆ. ಚಳಿಯಾದರೆ ಬೆಚ್ಚಗಿನ ಕಡೆಗೆ ಹೋಗುವುದು ಯಾರಿಗೆ ತಾನೇ ಅರ್ಥವಾಗದು?

ಆದರೆ ಚಳಿ ಹೆಚ್ಚಾದಷ್ಟೂ ದಾರಿ ತೆರೆದುಕೊಳ್ಳುವ, ಚಳಿ ಸ್ವಲ್ಪ ಇಳಿದರೆ ಇದ್ದ ದಾರಿಯೂ ಒಡೆದು ಹೋಗುವ ಒಂದು ಪ್ರದೇಶ ನಮ್ಮ ದೇಶದಲ್ಲೇ ಇದೆ. ಅದು ಲಡಾಖಿನ ಝಂಸ್ಕಾರ್ ಕಣಿವೆ.

ನಕ್ಷೆ ಬಿಡಿಸಿ ನೋಡಿ. ಕಾರ್ಗಿಲ್‌ನ ದಕ್ಷಿಣಕ್ಕೆ, ಹಿಮಾಚಲ ಪ್ರದೇಶದ ಬೆನ್ನಿಗೆ ಅಂಟಿಕೊಂಡಂತೆ ಝಂಸ್ಕಾರ್ ಇದೆ. ಅದರ ಮುಖ್ಯ ಊರು ಪದುಮ್. ಸಮುದ್ರ ಮಟ್ಟದಿಂದ ಸುಮಾರು 3,600 ಮೀಟರ್ ಎತ್ತರ. ನಮ್ಮ ಕರ್ನಾಟಕದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿ 1,930 ಮೀಟರ್. ಅಂದರೆ ಅವರ ಮನೆಯಂಗಳವೇ ನಮ್ಮ ಶಿಖರಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಎತ್ತರದಲ್ಲಿದೆ! 2011ರ ಜನಗಣತಿಯ ಪ್ರಕಾರ ಇಡೀ ಕಣಿವೆಯಲ್ಲಿ ಇದ್ದವರು ಸುಮಾರು 14 ಸಾವಿರ ಮಂದಿ. ಹೆಚ್ಚಿನವರು ಬೌದ್ಧರು. ಪದುಮ್‌ನಲ್ಲಿ ಹಲವು ತಲೆಮಾರುಗಳಿಂದ ನೆಲೆಸಿರುವ ಮುಸ್ಲಿಮ್ ಕುಟುಂಬಗಳಿವೆ, ಮಸೀದಿಯಿದೆ. ಬಾರ್ಲಿ ಬೆಳೆ, ಬಟಾಣಿ, ಯಾಕ್ ಮತ್ತು ಅದರ ಮಿಶ್ರತಳಿಯಾದ ಝೋ ಸಾಕಣೆ, ಬೆಣ್ಣೆ. ಇದೇ ಅವರ ಬದುಕು.

ಕಾರ್ಗಿಲ್‌ನಿಂದ ಪದುಮ್‌ಗೆ ಒಂದು ರಸ್ತೆ ಇದೆ. 230 ಕಿಲೋಮೀಟರಿಗೂ ಹೆಚ್ಚು ಉದ್ದ. ಅದು ಸುಮಾರು 4,400 ಮೀಟರ್ ಎತ್ತರದ ಪೆನ್ಸಿ ಲಾ ಎಂಬ ಕಣಿವೆದಾರಿಯನ್ನು ಹತ್ತಿ ಇಳಿಯಬೇಕು. 'ಲಾ' ಎಂದರೆ ಅಲ್ಲಿಯ ಭಾಷೆಯಲ್ಲಿ ಬೆಟ್ಟ ದಾಟುವ ದಾರಿ. ಹಿಮ ಬಿದ್ದಿತೆಂದರೆ ಈ ರಸ್ತೆಯ ಕತೆ ಮುಗಿಯಿತು. ತಿಂಗಳುಗಟ್ಟಲೆ ಅದರ ಮೇಲೆ ವಾಹನ ಓಡುವುದಿಲ್ಲ. ಮಳೆಗಾಲದಲ್ಲಿ ಘಾಟಿ ರಸ್ತೆ ಕುಸಿದು ನಾಲ್ಕು ದಿನ ಬಂದ್ ಆದರೆ ಕರಾವಳಿಯವರಾದ ನಾವು ಎಷ್ಟು ಗೊಣಗುತ್ತೇವೆ! ಇವರಿಗೆ ನಾಲ್ಕು ದಿನವಲ್ಲ, ಇಡೀ ಚಳಿಗಾಲ.

ಅಂತಹ ಸಮಯದಲ್ಲಿ ಅವರಿಗೆ ಉಳಿಯುವುದು ಒಂದೇ ದಾರಿ. ಅದು ಝಂಸ್ಕಾರ್ ನದಿ. ಪದುಮ್ ಹತ್ತಿರ ಎರಡು ಹೊಳೆಗಳು ಕೂಡಿ ಈ ನದಿ ಹುಟ್ಟುತ್ತದೆ. ನೆಟ್ಟಗೆ ನಿಂತ ಬಂಡೆಗಳ ಇಕ್ಕಟ್ಟಿನ ಕಮರಿಯಲ್ಲಿ ಹರಿದು, ಲೇಹ್ ಪಟ್ಟಣದ ಪಶ್ಚಿಮಕ್ಕಿರುವ ನಿಮ್ಮು ಎಂಬಲ್ಲಿ ಸಿಂಧೂ ನದಿಯನ್ನು ಸೇರುತ್ತದೆ. ಬೇಸಗೆಯಲ್ಲಿ ಈ ಕಮರಿಯೊಳಗೆ ಕಾಲಿಡುವಂತಿಲ್ಲ, ನೀರು ಅಷ್ಟು ರಭಸ. ಜನವರಿ ಮಧ್ಯದಿಂದ ಫೆಬ್ರವರಿ ಕೊನೆಯವರೆಗೆ ಮಾತ್ರ ಅದರ ಮೇಲ್ಮೈ ಹೆಪ್ಪುಗಟ್ಟುತ್ತದೆ. ಹೊಳೆಯ ಮೇಲೆ ಮಂಜುಗಡ್ಡೆಯ ಹೊದಿಕೆ. ಆ ಜನ ಅದನ್ನು ಕರೆಯುವ ಹೆಸರು ಏನು ಗೊತ್ತೇ? ಚಾದರ್. ಹೌದು, ನಮ್ಮ ಮನೆಗಳಲ್ಲಿ ರಾತ್ರಿ ಹೊದೆಯುವ ಅದೇ ಚಾದರ!

ಈ ಚಾದರದ ಮೇಲೆ ನಡೆಯುವುದು ಒಂದು ವಿದ್ಯೆ. ಹೆಜ್ಜೆ ಎತ್ತಿ ಇಟ್ಟರೆ ಜಾರಿ ಬೀಳುವುದು ಖಂಡಿತ. ಕಾಲನ್ನು ಎತ್ತದೆ ಎಳೆದುಕೊಂಡು ಹೋಗಬೇಕು. ಮುಂದೆ ಹೋಗುವವನ ಕೈಯಲ್ಲಿ ಕೋಲು. ಅದರಿಂದ ಮಂಜುಗಡ್ಡೆಯನ್ನು ಕುಟ್ಟಿ ಸದ್ದು ಕೇಳುತ್ತಾನೆ. ಗಟ್ಟಿಯಾಗಿದ್ದರೆ ಒಂದು ಸದ್ದು, ಕೆಳಗೆ ಟೊಳ್ಳಾಗಿದ್ದರೆ ಇನ್ನೊಂದು ಸದ್ದು. ಮಡಕೆ ಕೊಳ್ಳುವಾಗ ನಮ್ಮ ಹಿರಿಯ ಹೆಂಗಸರು ಬೆರಳಿನಿಂದ ತಟ್ಟಿ ನೋಡುತ್ತಾರಲ್ಲ, ಹಾಗೆ. ಮಡಕೆ ಒಡೆದಿದ್ದರೆ ದುಡ್ಡು ಹೋಗುತ್ತದೆ, ಇಲ್ಲಿ ಜೀವ ಹೋಗುತ್ತದೆ. ಸಾಮಾನುಗಳನ್ನು ಮರದ ಜಾರುಬಂಡಿಯಲ್ಲಿ ಕಟ್ಟಿ ಎಳೆಯುತ್ತಾರೆ. ರಾತ್ರಿ ತಂಗಲು ದಡದ ಬಂಡೆಗಳ ಗುಹೆಗಳು. ಯಾವ ಗುಹೆಯಲ್ಲಿ ಎಷ್ಟು ಜನ ಮಲಗಬಹುದು, ಎಲ್ಲಿ ಒಣ ಸೌದೆ ಸಿಗುತ್ತದೆ ಎಂಬುದು ತಂದೆಯಿಂದ ಮಗನಿಗೆ ಬಂದ ತಿಳಿವಳಿಕೆ. ಹೊರಗೆ ಮೈನಸ್ 25 ಡಿಗ್ರಿ. ಒಳಗೆ ಬೆಂಕಿ, ಉಪ್ಪು ಬೆಣ್ಣೆ ಹಾಕಿದ ಚಹಾ, ಹುರಿದ ಬಾರ್ಲಿ ಹಿಟ್ಟು.

ಇನ್ನೊಂದು ವಿಚಿತ್ರ ಕೇಳಿ. ಮೋಡ ಕವಿದು ಹಿಮ ಬೀಳುವ ದಿನ ನಡೆಯಲು ಅಪಾಯ, ಆಕಾಶ ಶುಭ್ರವಾಗಿ ಚಳಿ ಕೊರೆಯುವ ದಿನ ಕ್ಷೇಮ. ಮೋಡವಿದ್ದರೆ ನೆಲದ ಶಾಖ ಮೇಲೆ ಹೋಗದೆ ನಿಲ್ಲುತ್ತದೆ, ಚಳಿ ಇಳಿಯುತ್ತದೆ, ಚಾದರ ಬಿರಿಯುತ್ತದೆ. ಮೇಲೆ ಬಿದ್ದ ಹೊಸ ಹಿಮವೋ ಕಂಬಳಿಯ ಹಾಗೆ. ತಣ್ಣನೆಯ ಗಾಳಿ ಮಂಜುಗಡ್ಡೆಗೆ ತಾಗದಂತೆ ತಡೆಯುತ್ತದೆ, ತೆಳುವಾದ ಜಾಗಗಳನ್ನು ಕಣ್ಣಿಗೆ ಕಾಣದಂತೆ ಮುಚ್ಚುತ್ತದೆ. ಚಾದರ ಒಡೆದರೆ ಬಂಡೆ ಹಿಡಿದು ಹತ್ತಿ ಸುತ್ತಿ ಹೋಗಬೇಕು. ಇಲ್ಲವಾದರೆ ಮೊಣಕಾಲಿನವರೆಗೆ ಆ ನೀರಿಗೆ ಇಳಿಯಬೇಕು. ಅದೂ ಆಗದಿದ್ದರೆ ಮತ್ತೆ ಹೆಪ್ಪುಗಟ್ಟುವ ತನಕ ಗುಹೆಯಲ್ಲಿ ಕಾಯಬೇಕು. ಅಷ್ಟರವರೆಗೆ ಹಿಟ್ಟು ಮುಗಿಯದಿದ್ದರೆ ಸಾಕು.

ಇಂತಹ ದಾರಿಯಲ್ಲಿ ಯಾರು, ಏಕೆ ಹೋಗುತ್ತಾರೆ? ಒಂದು ಕಾಲದಲ್ಲಿ ಬೆಣ್ಣೆ ಮಾರಲು ಹೋಗುತ್ತಿದ್ದರು. ಝಂಸ್ಕಾರಿನ ಬೆಣ್ಣೆಗೆ ಲೇಹ್ ಪೇಟೆಯಲ್ಲಿ ಒಳ್ಳೆಯ ಬೆಲೆ ಇತ್ತು. ಆಮೇಲೆ ಬೆಣ್ಣೆಯ ಜೊತೆ ಮಕ್ಕಳು ಸೇರಿದರು. ಕಣಿವೆಯೊಳಗೆ ಒಳ್ಳೆಯ ಶಾಲೆ ಇಲ್ಲವೆಂದು ಹೆತ್ತವರು ಮಕ್ಕಳನ್ನು ಲೇಹ್‌ನ ಹಾಸ್ಟೆಲ್‌ಗಳಿಗೆ ಸೇರಿಸತೊಡಗಿದರು. ಲಡಾಖಿನಲ್ಲಿ ಶಾಲೆಗೆ ದೊಡ್ಡ ರಜೆ ಚಳಿಗಾಲದಲ್ಲಿ. ರಜೆ ಮುಗಿಸಿ ಮಾರ್ಚ್‌ನ ಮೊದಲು ಮಗು ತರಗತಿಯಲ್ಲಿರಬೇಕು. ರಸ್ತೆ ಮುಚ್ಚಿದೆ. ಹಾಗಾದರೆ ತಂದೆ ಮಗುವಿನ ಕೈ ಹಿಡಿದು ಹೊಳೆಗೆ ಇಳಿಯಬೇಕು. ಹಲವು ದಿನಗಳ ನಡಿಗೆ. ಒಲಿವಿಯೆ ಫೋಲ್ಮಿ ಎಂಬ ಫೋಟೋಗ್ರಾಫರ್ ಇಂತಹ ಪ್ರಯಾಣದಲ್ಲಿ ತಾವೂ ನಡೆದು ತೆಗೆದ ಚಿತ್ರಗಳನ್ನು ಜಗತ್ತಿಗೆ ತೋರಿಸಿದರು. ಶಾಲೆಗೆ ವ್ಯಾನ್ ಹತ್ತು ನಿಮಿಷ ತಡವಾಗಿ ಬಂತೆಂದು ಫೋನ್ ಮಾಡುವ ಹೆತ್ತವರನ್ನು ದಿನವೂ ಕಾಣುವ ನನ್ನಂತಹ ಅಧ್ಯಾಪಕನಿಗೆ ಈ ತಂದೆಯಂದಿರ ಮುಂದೆ ಮಾತೇ ಹೊರಡುವುದಿಲ್ಲ.

ಹೆರಿಗೆಯ ಸಂಗತಿ ಇದಕ್ಕಿಂತ ಕಠಿಣ. ತುಂಬು ಬಸುರಿಯನ್ನು ಮಂಜುಗಡ್ಡೆಯ ಮೇಲೆ ನಡೆಸಲಾದೀತೇ? ಪದುಮ್‌ನಲ್ಲಿ ಸರ್ಕಾರಿ ಆಸ್ಪತ್ರೆ ಇದೆ. ಅಲ್ಲಿ ಆಗದ ಚಿಕಿತ್ಸೆಗೆ ಹೆಲಿಕಾಪ್ಟರ್ ಬೇಕು. ಮೋಡ ಕವಿದರೆ, ಗಾಳಿ ಎದ್ದರೆ ಹೆಲಿಕಾಪ್ಟರ್ ಹಾರದು. ಚಾದರ ಒಡೆಯುವುದೂ ಮೋಡ ಕವಿದ ದಿನವೇ ಎಂಬುದನ್ನು ನೆನಪಿಡಿ. ಎರಡು ಬಾಗಿಲೂ ಒಟ್ಟಿಗೆ ಮುಚ್ಚುತ್ತವೆ.

ಕಾರ್ಗಿಲ್ ಮತ್ತು ದ್ರಾಸ್‌ನವರ ಬವಣೆಯೂ ಇದೇ ಜಾತಿಯದು. ಅಲ್ಲಿಯವರಲ್ಲಿ ಹೆಚ್ಚಿನವರು ಮುಸ್ಲಿಮರು. ಕಾಶ್ಮೀರಕ್ಕೂ ಅವರಿಗೂ ನಡುವೆ ಝೋಜಿ ಲಾ ನಿಂತಿದೆ, ಎತ್ತರ 3,500 ಮೀಟರಿಗೂ ಹೆಚ್ಚು. ಈ ಝೋಜಿ ಲಾಗೆ ನಮ್ಮ ಕೊಡಗಿನ ನಂಟೊಂದಿದೆ. 1948ರ ನವೆಂಬರ್ 1ರಂದು ಮಡಿಕೇರಿಯಲ್ಲಿ ಹುಟ್ಟಿದ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯನವರು ಇದೇ ಹಿಮದ ಏರಿನಲ್ಲಿ ಟ್ಯಾಂಕುಗಳನ್ನು ಹತ್ತಿಸಿ ಶತ್ರುಗಳನ್ನು ಬೆರಗುಗೊಳಿಸಿದರು. ಅಷ್ಟು ಎತ್ತರಕ್ಕೆ ಟ್ಯಾಂಕ್ ಬರುವುದೆಂದು ಯಾರೂ ಎಣಿಸಿರಲಿಲ್ಲ. ಇನ್ನು ಕೆಲವು ವಾರ ತಡವಾಗಿದ್ದರೆ ಹಿಮವೇ ದಾರಿಯನ್ನು ಮುಚ್ಚಿಬಿಡುತ್ತಿತ್ತು. ಆಮೇಲೂ ದಶಕಗಳ ಕಾಲ ಚಳಿಗಾಲದ ಅರ್ಧ ವರ್ಷ ಝೋಜಿ ಲಾ ಮುಚ್ಚಿಯೇ ಇರುತ್ತಿತ್ತು. ಚಳಿಗಾಲದಲ್ಲಿ ಅಲ್ಲಿ ಸಿಕ್ಕಿಬಿದ್ದವರನ್ನು ವಾಯುಪಡೆಯ ವಿಮಾನದಲ್ಲಿ ಸಾಗಿಸುವ ವ್ಯವಸ್ಥೆಗೆ 'ಕಾರ್ಗಿಲ್ ಕೊರಿಯರ್' ಎಂದೇ ಹೆಸರು. ಈಚೆಗೆ ಗಡಿ ರಸ್ತೆ ಸಂಸ್ಥೆಯವರು ಹಿಮ ಸರಿಸುವ ಕೆಲಸವನ್ನು ಬಹಳ ಚುರುಕುಗೊಳಿಸಿದ್ದಾರೆ. 2025ರಲ್ಲಿ ಈ ದಾರಿ ಮುಚ್ಚಿದ್ದು 32 ದಿನ ಮಾತ್ರ. ಕೆಳಗಿನಿಂದ ಸುಮಾರು 13 ಕಿಲೋಮೀಟರ್ ಉದ್ದದ ಸುರಂಗ ಕೊರೆಯಲು 2020ರ ಅಕ್ಟೋಬರ್‌ನಲ್ಲಿ ಸ್ಫೋಟದ ಕೆಲಸ ಆರಂಭವಾಯಿತು.

ಇಷ್ಟು ಚಳಿಯಲ್ಲಿ ನಮಾಝ್ ಹೇಗೆ ಎಂದು ಓದುಗ ಸಹೋದರಿಯರಿಗೆ ಅನಿಸಬಹುದು. ಫಿಕ್‌ಹ್‌ನ ಗ್ರಂಥಗಳಲ್ಲಿ ನಾವು ತರಗತಿಯಲ್ಲಿ ಓದಿ ಮುಗಿಸುವ ಒಂದು ಪಾಠವಿದೆ, ಚರ್ಮದ ಕಾಲುಚೀಲದ ಮೇಲೆ ಒದ್ದೆ ಕೈ ಸವರುವುದು. ಊರಲ್ಲಿರುವವನಿಗೆ ಒಂದು ಹಗಲು ರಾತ್ರಿ, ಪ್ರಯಾಣಿಕನಿಗೆ ಮೂರು ಹಗಲು ರಾತ್ರಿ ಈ ರಿಯಾಯಿತಿ. ಸೆಕೆಯ ನಾಡಾದ ನಮ್ಮ ಕರಾವಳಿಯಲ್ಲಿ ಇದು ಪರೀಕ್ಷೆಗೆ ಉತ್ತರ ಬರೆಯಲು ಮಾತ್ರ ಬೇಕಾದ ಪಾಠ. ಬಕೆಟಿನ ನೀರೇ ಗಡ್ಡೆ ಕಟ್ಟುವ ಊರಿನಲ್ಲಿ ಅದು ದಿನಕ್ಕೆ ಐದು ಹೊತ್ತಿನ ಅಗತ್ಯ. ಮೈಕೊರೆಯುವ ಒಂದು ರಾತ್ರಿ ಅಮ್ರ್ ಬಿನ್ ಆಸ್(ರ) ಸ್ನಾನದ ಬದಲು ತಯಮ್ಮುಮ್ ಮಾಡಿ ಸಂಗಡಿಗರಿಗೆ ನಮಾಝ್‌ನ ನೇತೃತ್ವ ನೀಡಿದ್ದನ್ನು ಕೇಳಿ ಪ್ರವಾದಿ(ಸ) ನಕ್ಕರೇ ಹೊರತು ಆಕ್ಷೇಪಿಸಲಿಲ್ಲ.

ಚಾದರಕ್ಕೆ ಮರಳೋಣ. ಕಳೆದ ಎರಡು ದಶಕಗಳಲ್ಲಿ ಈ ದಾರಿಗೆ ಹೊಸ ಬಗೆಯ ಪ್ರಯಾಣಿಕರು ಬಂದರು. ದೆಹಲಿ, ಮುಂಬೈ, ನಮ್ಮ ಬೆಂಗಳೂರಿನಿಂದಲೂ ಯುವಕ ಯುವತಿಯರು ರಜೆ ಹಾಕಿ ಚಾದರ್ ಚಾರಣಕ್ಕೆ ಹೋಗತೊಡಗಿದರು. ಇದರಿಂದ ಝಂಸ್ಕಾರಿನ ಗಂಡಸರಿಗೆ ಚಳಿಗಾಲದಲ್ಲಿ ಕೂಲಿ ಸಿಕ್ಕಿತು, ಸುಳ್ಳಲ್ಲ. ಹಾಗೆಂದು ಗುಹೆಗಳ ಸುತ್ತ ಪ್ಲಾಸ್ಟಿಕ್ ರಾಶಿಯೂ ಬಿತ್ತು. ಎತ್ತರದ ಗಾಳಿಗೆ ಮೈ ಒಗ್ಗುವ ಮೊದಲೇ ಅವಸರದಲ್ಲಿ ಹೊರಟವರು ಪ್ರಾಣ ಕಳೆದುಕೊಂಡದ್ದೂ ಉಂಟು. ಈಗ ಲೇಹ್‌ನಲ್ಲಿ ಕೆಲವು ದಿನ ತಂಗಿ, ವೈದ್ಯರಿಂದ ತಪಾಸಣೆ ಮಾಡಿಸಿಕೊಂಡವರಿಗೆ ಮಾತ್ರ ಅನುಮತಿ. ಇದು ಬಹಳ ಮೊದಲೇ ಆಗಬೇಕಿತ್ತು ಎಂಬುದು ನನ್ನ ಅನಿಸಿಕೆ.

2014ರ ಡಿಸೆಂಬರ್ ಕೊನೆಯಲ್ಲಿ ಫುಕ್ತಲ್ ಕಡೆಯ ಹೊಳೆಗೆ ಗುಡ್ಡ ಜರಿದು ಬಿದ್ದು ನೀರು ಕಟ್ಟಿಕೊಂಡಿತು. ಕೆಳಗಿನ ನದಿಗೆ ಅಪಾಯವೆಂದು ಆ ಚಳಿಗಾಲ ಚಾರಣವನ್ನು ನಿಷೇಧಿಸಲಾಯಿತು. 2015ರ ಮೇ 7ರಂದು ಆ ಕಟ್ಟೆ ಒಡೆದು ಸೇತುವೆಗಳು ಕೊಚ್ಚಿಹೋದವು. ಚಾರಣಿಗರಿಗೆ ಒಂದು ವರ್ಷದ ರಜೆ ನಷ್ಟವಾಯಿತು, ಅಷ್ಟೇ. ಅಲ್ಲಿಯವರಿಗೆ ಆದ ನಷ್ಟ ನೀವೇ ಲೆಕ್ಕ ಹಾಕಿ.

ಈಗ ಆ ಕಮರಿಯಲ್ಲೇ ಬಂಡೆ ಸಿಡಿಸಿ ರಸ್ತೆ ಮಾಡಲಾಗಿದೆ. ನಿಮ್ಮುವಿನಿಂದ ಪದುಮ್ ಮೂಲಕ ಹಿಮಾಚಲದ ದಾರ್ಚಾದವರೆಗೆ 298 ಕಿಲೋಮೀಟರ್. 2024ರ ಮಾರ್ಚ್‌ನಲ್ಲಿ ಎರಡು ತುದಿಗಳೂ ಕೂಡಿದವು. ದಾರ್ಚಾದ ಕಡೆ ಶಿಂಕು ಲಾ ಎಂಬ, 5,000 ಮೀಟರಿಗೂ ಎತ್ತರದ ಕಣಿವೆದಾರಿಯ ಅಡಿಯಲ್ಲಿ 4.1 ಕಿಲೋಮೀಟರ್ ಸುರಂಗಕ್ಕೆ ಅದೇ ವರ್ಷದ ಜುಲೈ 26ರಂದು ಮೊದಲ ಸ್ಫೋಟ ನಡೆಯಿತು. ಝಂಸ್ಕಾರನ್ನು ಪ್ರತ್ಯೇಕ ಜಿಲ್ಲೆ ಮಾಡುವುದಾಗಿ ಕೇಂದ್ರ ಸರ್ಕಾರ ಮರುತಿಂಗಳೇ ಘೋಷಿಸಿತು.

ರಸ್ತೆಯಿಂದಾಗಿ ಚಾದರದ ಸೊಬಗು ಹಾಳಾಯಿತು, ಪುರಾತನ ದಾರಿಯೊಂದು ಅಳಿಯಿತು ಎಂದು ಮರುಗುವವರಿದ್ದಾರೆ. ಈ ಮರುಕದ ಮಾತು ಬರುತ್ತಿರುವುದು ಬೇಕೆಂದಾಗ ಬಂದು ಸಾಕೆಂದಾಗ ಹೋಗಬಲ್ಲವರಿಂದ. ಹೋಗಲೇಬೇಕಾದವರು ಏನೆನ್ನುತ್ತಾರೆ? ಝಂಸ್ಕಾರಿನ ಜನ ದಶಕಗಳಿಂದ ಸರ್ಕಾರದ ಮುಂದೆ ಕೈಚಾಚಿ ಕೇಳಿದ್ದು ಇದೇ ರಸ್ತೆಯನ್ನು. ನನ್ನ ಮತ ಅವರ ಕಡೆಗೇ.

ಆದರೆ ಒಂದು ಆತಂಕವನ್ನು ಹೇಳದೆ ಹೋದರೆ ಬರಹ ಅರ್ಧವಾದೀತು. ಕಮರಿಯಲ್ಲಿ ಬಂಡೆ ಸಿಡಿಸಿದಾಗ ಕಲ್ಲು ಮಣ್ಣು ಬಿದ್ದದ್ದು ನದಿಗೆ. ಚಳಿಗಾಲಗಳೂ ಮೊದಲಿನಷ್ಟು ಕಟುವಾಗಿಲ್ಲ, ಚಾದರ ಮೊದಲಿನಷ್ಟು ದಪ್ಪವಾಗಿ, ಅಷ್ಟು ದಿನ ನಿಲ್ಲುವುದಿಲ್ಲ ಎಂದು ಅಲ್ಲಿಯ ಹಿರಿಯರು ಹೇಳುತ್ತಾರೆ. ಹೊಸ ರಸ್ತೆಯೂ ಎಲ್ಲ ಕಡೆ ಭದ್ರವಾಗಿಲ್ಲ. ಮೇಲಿನಿಂದ ಹಿಮರಾಶಿ ಕುಸಿದರೆ, ಕಲ್ಲು ಉರುಳಿದರೆ ಅದೂ ಮುಚ್ಚುತ್ತದೆ. ಶಿಂಕು ಲಾದ ಸುರಂಗ ಮುಗಿಯುವ ತನಕ ಆ ಕಡೆಯ ದಾರಿಗೂ ಚಳಿಗಾಲದ ಭರವಸೆಯಿಲ್ಲ. ಹಳೆಯ ದಾರಿ ತೆಳುವಾಗುತ್ತಿದೆ, ಹೊಸ ದಾರಿ ಇನ್ನೂ ಗಟ್ಟಿಯಾಗಿಲ್ಲ. ಕೋಲು ಕುಟ್ಟಿ ಸದ್ದು ಕೇಳಬಲ್ಲ ಮುದುಕರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ, ಜೀಪಿನಲ್ಲಿ ಶಾಲೆಗೆ ಹೋದ ಮೊಮ್ಮಕ್ಕಳಿಗೆ ಆ ಕಿವಿ ಇರುವುದಿಲ್ಲ. ಈ ನಡುವಿನ ಕೆಲವು ವರ್ಷಗಳಲ್ಲಿ ಫೆಬ್ರವರಿಯ ಒಂದು ರಾತ್ರಿ ಪದುಮ್‌ನ ಮನೆಯೊಂದರಲ್ಲಿ ಹೆರಿಗೆ ನೋವು ಕಾಣಿಸಿಕೊಂಡರೆ, ಬುಖಾರಿ ಒಲೆಗೆ ಒಣ ಸೆಗಣಿಯ ಬೆರಣಿ ಹಾಕುತ್ತ ಕುಳಿತ ಅತ್ತೆ ಈಗಲೂ ಮೊದಲು ಎದ್ದು ಹೋಗಿ ನೋಡುವುದು ಕಿಟಕಿಯ ಹೊರಗಿನ ಆಕಾಶವನ್ನು, ನಕ್ಷತ್ರ ಕಾಣುತ್ತದೆಯೋ ಇಲ್ಲವೋ ಎಂದು.