ಟೇಪ್ ಸುತ್ತಿದ್ದು ಜಾಯಿಂಟ್ ಅಲ್ಲ

ಎರಡು ವೈರ್ ತಿರುವಿ, ಕಪ್ಪು ಟೇಪ್ ಸುತ್ತಿ, "ಆತು ನೋಡ್ರಿ" ಅನ್ನೋದಕ್ಕೆ ನಾವು ಜುಗಾಡ್ ಅಂತ ಹೆಸರಿಟ್ಟಿದ್ದೇವೆ. ಫೋಟೋ ತೆಗೆದು ಸ್ಟೇಟಸ್ಸೂ ಹಾಕ್ತೀವಿ. ನನಗೆ ಈಗೀಗ ಆ ಶಬ್ದ ಕೇಳಿದರೇ ಸಿಟ್ಟು ಬರುತ್ತೆ.

ಎಂ.ಕೆ. ಹುಬ್ಬಳ್ಳಿಯ ನಮ್ಮ ಹಿತ್ತಲಲ್ಲಿ ನಾನೂ ತಮ್ಮನೂ ಒಂದು ಕಾರು ಕಟ್ಟುತ್ತಿದ್ದೇವೆ. ಪೈಪಿನ ಚೌಕಟ್ಟು, ಗುಜರಿಯಿಂದ ತಂದ ಮಾರುತಿ 800ರ ಎಂಜಿನ್. ರಸ್ತೆಗೆ ಇಳಿಸೋ ಹಾಗಿಲ್ಲ, ಹೊಲದಲ್ಲೇ ಓಡಬೇಕು. ವೆಲ್ಡಿಂಗು, ಬ್ರೇಕು ಮುಗಿಯೋವರೆಗೂ ಎಲ್ಲ ಸುಸೂತ್ರ. ವೈರಿಂಗ್‌ಗೆ ಬಂದಾಗ ಜಗಳ ಶುರುವಾಯ್ತು.

"ತಮ್ಮಾ, ನಲವತ್ತ ವರ್ಷ ಟೇಪ್ ಸುತ್ತೇನಿ, ಒಂದ ಗಾಡೀನೂ ಸುಟ್ಟಿಲ್ಲ" ಅಂದ್ರು ಮೇಸ್ತ್ರಿ ಕಾಕಾ.

"ಕಾಕಾ, ಹಂಗಾದ್ರ ದಿನಾ ನಿಮ್ಮ ಅಂಗಡಿ ಮುಂದ ನಿಂತಿರೋ ಗಾಡಿಗಳು ಎದಕ್ಕ ಬಂದಾವ?"

ಕಾಕಾ ನಕ್ಕರು. ಆದರೆ ನಾನು ತಮಾಷೆ ಮಾಡ್ತಿರಲಿಲ್ಲ. 12 ವೋಲ್ಟಿನಲ್ಲಿ 55 ವ್ಯಾಟ್ ಹೆಡ್‌ಲೈಟ್ ಎಳೆಯೋದು ನಾಲ್ಕೂವರೆ ಆಂಪಿಯರ್ ಚಿಲ್ಲರೆ. ತಿರುವಿದ ಜಾಯಿಂಟ್ ಒಳಗೆ ನೀರಿಳಿದು, ತಾಮ್ರ ಹಸಿರುಗಟ್ಟಿ, 0.2 ಓಮ್ ರೆಸಿಸ್ಟೆನ್ಸ್ ಹುಟ್ಟಿತು ಅನ್ಕೊಳ್ಳಿ. ಆ ಒಂದು ಗಂಟಿನಲ್ಲೇ ಮೂರೂವರೆ–ನಾಲ್ಕು ವ್ಯಾಟ್ ಶಾಖ ಕೂತಿರುತ್ತೆ. ಟೇಪಿನ ಅಂಟು ಕರಗುತ್ತೆ, ಟೇಪ್ ಜಾರುತ್ತೆ. ಫ್ಯೂಸ್ ಹಾರಲ್ವಾ ಅಂತ ಕೇಳಬೇಡಿ. ಕರೆಂಟ್ ಹೆಚ್ಚಾದರೆ ತಾನೇ ಫ್ಯೂಸ್ ಹಾರೋದು? ಇಲ್ಲಿ ಅದು ಕಡಿಮೆಯೇ ಆಗಿದೆ. ಲೈಟು ಮಂಕಾಗುತ್ತೆ, ಗಂಟು ಬೇಯ್ತಾ ಇರುತ್ತೆ.

ಸೋಲ್ಡರ್ ಮಾಡಿದರೆ? ಎಂಜಿನಿಯರಿಂಗ್ ಓದಿದವರೆಲ್ಲ ಮೊದಲು ಹೇಳೋದೇ ಅದು; ನಾನೂ ಹೇಳಿದ್ದೆ. ಸೀಸ ಎಳೆಗಳ ಒಳಗೆ ಹರಿದು ವೈರು ಅಷ್ಟುದ್ದ ಕಡ್ಡಿಯಾಗುತ್ತೆ, ಆ ಕಡ್ಡಿ ಮುಗಿಯೋ ಜಾಗದಲ್ಲಿ ಎಂಜಿನ್ನಿನ ನಡುಕಕ್ಕೆ ಮುರಿಯುತ್ತೆ. ಸರ್ಕ್ಯೂಟ್ ಬೋರ್ಡಿಗೆ ಸರಿ, ನಡುಗೋ ಗಾಡಿಗಲ್ಲ.

ಇನ್ನು ಬೆಂಗಳೂರಿನ ಗೆಳೆಯರು. "ಎಲ್ಲಾ ಕಡೆ ಡಾಯ್ಚ್ ಹಾಕು ಮಗಾ." ಡಾಯ್ಚ್ ಡಿಟಿ ಒಳ್ಳೆಯದೇ, ಲಾರಿ, ಟ್ರ್ಯಾಕ್ಟರುಗಳಿಗೆ ಅಂತಲೇ ಇರೋದು, ಮಾಮೂಲಿ ಪಿನ್ನಿಗೆ 13 ಆಂಪಿಯರ್. ಆದರೆ ಅದರ ಗಟ್ಟಿ ಪಿನ್ನಿಗೆ ಅದರದ್ದೇ ಕ್ರಿಂಪಿಂಗ್ ಟೂಲ್ ಬೇಕು. ದುಬಾರಿ ಕಪ್ಲರ್ ತಂದು ಪಕ್ಕಡದಲ್ಲಿ ಒತ್ತಿದರೆ ಅದೂ ಟೇಪಿನ ಗಂಟೇ, ಬರೀ ಶ್ರೀಮಂತರ ಮನೇದು. ಕ್ರಿಂಪ್ ಅಂದರೆ ಅಮುಕೋದಲ್ಲ. ಎಳೆ ಎಳೆಗೂ ಗಾಳಿ ನುಸುಳದಷ್ಟು ಲೋಹ ಲೋಹಕ್ಕೆ ಕೂರಬೇಕು. ಅದಕ್ಕೇ ನಾನು ಮೊದಲು ದುಡ್ಡು ಸುರಿದದ್ದು ಟೂಲಿಗೆ. ಆಮೇಲೆ ನೀರು, ಕೆಸರು ತಾಗೋ ಕಡೆಗೆ ರಬ್ಬರ್ ಸೀಲ್ ಇರೋ ಸೂಪರ್‌ಸೀಲ್, ಡ್ಯಾಶ್‌ಬೋರ್ಡ್ ಒಳಗೆ ಕವರ್ ಇರೋ ಸಾದಾ ಥಿಂಬಲ್. ಬೇಕಿಲ್ಲದ ಕಡೆ ಜಾಯಿಂಟೇ ಇಲ್ಲ.

ಹೊಲದಲ್ಲಿ ಓಡೋ ಆಟಿಕೆಗೆ ಇಷ್ಟೊಂದು ಬೇಕಾ ಅಂತೀರಿ. ನನ್ನ ಸಿಟ್ಟು ಆಟಿಕೆಯದ್ದಲ್ಲ. ಕಬ್ಬಿನ ಸೀಜನ್ನಿನಲ್ಲಿ ರಾತ್ರಿ ನಮ್ಮೂರ ಹತ್ತಿರ ಹೈವೇಲಿ ಬಂದು ನೋಡಿ. ಎರಡೆರಡು ಟ್ರೇಲರ್, ಹಿಂದೆ ಒಂದು ಕೆಂಪು ದೀಪವಿಲ್ಲ. ಟ್ರ್ಯಾಕ್ಟರಿನ ಹಿಂದೆ ಏಳು ಪಿನ್ನಿನ ಸಾಕೆಟ್ ಇರುತ್ತೆ. ಮೊದಲ ಮಳೆಗೆ ಅದು ಹಾಳಾಗುತ್ತೆ, ಆಮೇಲೆ ತಿರುವಿ ಟೇಪ್. ಟ್ರೇಲರ್ ಒಂದು ಸಲ ತಿರುಗಿತು ಅಂದ್ರೆ ವೈರ್ ಕಿತ್ತು ಬರುತ್ತೆ, ಮುಂದಿನ ನಾಲ್ಕು ತಿಂಗಳು ಕತ್ತಲೇ. ನನ್ನ ಜೊತೆ ಹತ್ತನೇ ಕ್ಲಾಸು ಓದಿದವನೊಬ್ಬ ಅಂಥ ಕತ್ತಲೊಳಗೆ ಬೈಕ್ ಹೊಕ್ಕಿಸಿ ಸತ್ತ. ಊರವರು "ಹಣೇಬರಹ" ಅಂದ್ರು. ಹಣೇಬರಹ ಅಲ್ಲ, ಅದು ಟೇಪ್.

ಕಾರಿಗೆ ತಂದ ಸಾಮಾನು ಉಳಿದಿತ್ತು. ಹೋದ ವಾರ ತಮ್ಮ ನಮ್ಮ ಟ್ರೇಲರ್‌ಗೂ ಹೊಸ ಏಳು ಪಿನ್ನಿನ ಸಾಕೆಟ್ ಕೂರಿಸಿ, ಹಿಂದಿನ ದೀಪದವರೆಗೆ ಪೈಪಿನೊಳಗೆ ವೈರ್ ಎಳೆದ. ಕಾಕಾ ಬಂದು ಬಗ್ಗಿ ನೋಡಿ, "ಛಲೋ ಆಗೇತಿ. ಆದ್ರ ಸ್ಕ್ರೂ ಬಿಚ್ಚಿ ಯಾರರೇ ಒಯ್ತಾರ" ಅಂದ್ರು.

ಖರೇನೇ. ಸ್ಕ್ರೂ ತೆಗೆದು ರಿವೆಟ್ ಹೊಡೆದಿದ್ದೇವೆ.