ಡೆಡ್‌ವುಡ್: ಅರ್ಧಕ್ಕೇ ನಿಂತ ಊರಿನ ಕಥೆ

1876ರ ಮೇ ತಿಂಗಳು, ಮೊಂಟಾನಾದ ಒಂದು ರಾತ್ರಿ. ಕುದುರೆ ಕದ್ದವನನ್ನು ನಮ್ಮ ಕೈಗೆ ಕೊಡು ಎಂದು ಗುಂಪೊಂದು ಜೈಲಿನ ಮುಂದೆ ಕೂಗಾಡುತ್ತಿದೆ. ಮಾರ್ಷಲ್ ಸೇತ್ ಬುಲಕ್ ಕೆಲಸ ಬಿಟ್ಟು ಆ ರಾತ್ರಿಯೇ ಡೆಡ್‌ವುಡ್ ಎಂಬ ಊರಿಗೆ ಹೊರಡುವವನು. ಕಳ್ಳನನ್ನು ಗುಂಪಿಗೆ ಒಪ್ಪಿಸಿ ನಡೆದುಬಿಡಬಹುದಿತ್ತು. ಹಾಗೆ ಮಾಡದೆ, ಕಾನೂನಿನ ಹೆಸರಿನಲ್ಲಿ ನಾನೇ ಗಲ್ಲಿಗೇರಿಸುತ್ತೇನೆ ಎನ್ನುತ್ತಾನೆ. ಜೈಲಿನ ಜಗಲಿಯಲ್ಲೇ ಹಗ್ಗ ಬಿಗಿಯುತ್ತಾನೆ. ಕೈದಿ ತನ್ನ ಮಗನಿಗೆ ತಿಳಿಸಬೇಕೆಂದ ಮಾತುಗಳನ್ನು ಕಾಗದದ ಮೇಲೆ ಬರೆದುಕೊಳ್ಳುತ್ತಾನೆ. ಆಮೇಲೆ, ಅವನು ನರಳದೆ ಬೇಗ ಸಾಯಲಿ ಎಂದು ನೇತಾಡುವ ದೇಹವನ್ನು ತಾನೇ ಕೆಳಕ್ಕೆ ಜಗ್ಗುತ್ತಾನೆ.

ಎಚ್‌ಬಿಒ ವಾಹಿನಿಯ ‘ಡೆಡ್‌ವುಡ್’ ಧಾರಾವಾಹಿ ಶುರುವಾಗುವುದೇ ಹೀಗೆ. 2004ರ ಮಾರ್ಚ್‌ನಲ್ಲಿ ಆರಂಭವಾಗಿ 2006ರ ಆಗಸ್ಟ್‌ನಲ್ಲಿ ನಿಂತುಹೋಯಿತು. ಮೂರು ಸೀಸನ್, 36 ಕಂತು, ಅಷ್ಟೇ. ಕಿರುತೆರೆಯಲ್ಲಿ ಬಂದ ಕೌಬಾಯ್ ಕಥೆಗಳಲ್ಲಿ ಇದಕ್ಕೆ ಸಾಟಿಯಾದದ್ದನ್ನು ನಾನು ಕಂಡಿಲ್ಲ. ಅದನ್ನು ನಡುವೆಯೇ ನಿಲ್ಲಿಸಿದ್ದು ದೊಡ್ಡ ನಷ್ಟ ಎಂದು ಇವತ್ತಿಗೂ ಅನ್ನಿಸುತ್ತದೆ.

ಡೆಡ್‌ವುಡ್ ನಿಜವಾದ ಊರು, ಈಗಿನ ಸೌತ್ ಡಕೋಟಾದ ಬ್ಲ್ಯಾಕ್ ಹಿಲ್ಸ್‌ನಲ್ಲಿದೆ. 1868ರ ಫೋರ್ಟ್ ಲಾರಮಿ ಒಪ್ಪಂದದ ಪ್ರಕಾರ ಆ ಬೆಟ್ಟಗಳು ಮೂಲನಿವಾಸಿ ಲಕೋಟಾ ಜನರವು. 1874ರಲ್ಲಿ ಅಮೆರಿಕದ ಸೇನಾಧಿಕಾರಿ ಕಸ್ಟರ್‌ನ ದಂಡಯಾತ್ರೆ ಅಲ್ಲಿ ಚಿನ್ನವಿದೆ ಎಂಬ ಸುದ್ದಿ ತಂದ ಮೇಲೆ ಒಪ್ಪಂದ ಗಾಳಿಗೆ ಹೋಯಿತು. ಹಾಗೆ ನುಗ್ಗಿದವರು ಕಟ್ಟಿಕೊಂಡ ಶಿಬಿರಕ್ಕೆ ಯಾವ ಸರ್ಕಾರವೂ ಇರಲಿಲ್ಲ, ಕಾನೂನೂ ಇರಲಿಲ್ಲ. ಹೆಸರಾಂತ ಬಂದೂಕುಗಾರ ವೈಲ್ಡ್ ಬಿಲ್ ಹಿಕಾಕ್‌ನನ್ನು ಇಸ್ಪೀಟಿನ ಮೇಜಿನಲ್ಲಿ ಹಿಂದಿನಿಂದ ಗುಂಡಿಟ್ಟು ಕೊಂದ ಜ್ಯಾಕ್ ಮೆಕಾಲ್‌ನನ್ನು ಅಲ್ಲಿನ ಗಣಿಗಾರರೇ ವಿಚಾರಣೆ ನಡೆಸಿ ಬಿಟ್ಟುಬಿಟ್ಟರು. ಆ ವಿಚಾರಣೆಗೆ ಮಾನ್ಯತೆಯೇ ಇಲ್ಲವೆಂದು ಯಾಂಕ್ಟನ್‌ನಲ್ಲಿ ಮತ್ತೆ ವಿಚಾರಣೆ ನಡೆದು, 1877ರಲ್ಲಿ ಅವನನ್ನು ನೇಣಿಗೆ ಹಾಕಲಾಯಿತು.

ಡೆಡ್‌ವುಡ್‌ನ ಕರ್ತೃ ಡೇವಿಡ್ ಮಿಲ್ಚ್ ಮೊದಲು ಬರೆಯಬೇಕೆಂದಿದ್ದುದು ನೀರೋ ಕಾಲದ ರೋಮ್ ನಗರದ ಕಾವಲುಗಾರರ ಬಗ್ಗೆ. ರೋಮ್ ಕುರಿತ ಬೇರೊಂದು ಧಾರಾವಾಹಿ ವಾಹಿನಿಯ ಕೈಯಲ್ಲಿದ್ದುದರಿಂದ ಅದೇ ಪ್ರಶ್ನೆಯನ್ನು ಹೊತ್ತು ಡೆಡ್‌ವುಡ್‌ಗೆ ಬಂದರು: ಕಾನೂನೇ ಇಲ್ಲದ ಕಡೆ ಸುವ್ಯವಸ್ಥೆ ಎಲ್ಲಿಂದ ಹುಟ್ಟುತ್ತದೆ?

ಅವರು ಕೊಟ್ಟ ಉತ್ತರ ಅದ್ಭುತವಾದದ್ದು. ಸಾಮಾನ್ಯ ಕೌಬಾಯ್ ಚಿತ್ರದಲ್ಲಿ ನಾಯಕ ಕುದುರೆಯಿಂದಿಳಿದು ಪಿಸ್ತೂಲಿನಿಂದ ನ್ಯಾಯ ಒದಗಿಸುತ್ತಾನೆ. ಇಲ್ಲಿ ಸಿಡುಬು ಬರುತ್ತದೆ. ಲಸಿಕೆ ತರಿಸಬೇಕು, ರೋಗಿಗಳಿಗೆ ಡೇರೆ ಹಾಕಬೇಕು, ಖರ್ಚಿಗೆ ಹಣ ಕೂಡಿಸಬೇಕು. ವೇಶ್ಯಾಗೃಹ ನಡೆಸುವ, ಕೊಲೆಗೆ ಹೇಸದ ಆಲ್ ಸ್ವೆರಂಜನ್‌ನ ಜೆಮ್ ಸಲೂನಿನಲ್ಲಿ ಊರಿನ ಪ್ರಮುಖರು ಸಭೆ ಸೇರುತ್ತಾರೆ. ಮೇಜಿನ ಮೇಲೆ ಡಬ್ಬಿಯ ಪೀಚ್ ಹಣ್ಣು. ಮುಂದೆ ಅದೇ ಮೇಜಿನ ಸುತ್ತ ಮೇಯರ್, ಶೆರಿಫ್ ಎಂದು ಹುದ್ದೆಗಳು ಹಂಚಿಕೆಯಾಗುತ್ತವೆ. ಆಗಲೂ ಅದೇ ಪೀಚ್. ಒಂದು ಊರಿನ ಪುರಸಭೆ ಹುಟ್ಟುವುದನ್ನು ಇಷ್ಟು ಹತ್ತಿರದಿಂದ ತೋರಿಸಿದ ಇನ್ನೊಂದು ಕಥೆ ನನಗೆ ಗೊತ್ತಿಲ್ಲ.

ಸಲೂನಿನಲ್ಲಿ ನೆಲ ಗುಡಿಸುವ ಜ್ಯುವೆಲ್ ಎಂಬವಳಿದ್ದಾಳೆ, ಕಾಲೆಳೆದು ನಡೆಯುವವಳು. ಆ ಪಾತ್ರ ಮಾಡಿದ ಜೆರಿ ಜ್ಯುವೆಲ್ ಅವರಿಗೆ ನಿಜವಾಗಿಯೂ ಸೆರೆಬ್ರಲ್ ಪಾಲ್ಸಿ ಇದೆ. ನನ್ನ ಕಾಲಿಗೊಂದು ಆಸರೆ ಮಾಡಿಕೊಡಿ ಎಂದು ಅವಳು ಡಾಕ್ಟರ್ ಕಾಕ್ರನ್ ಬಳಿ ಕೇಳಲು ಹೋಗುತ್ತಾಳೆ. ಮೊದಲ ಸೀಸನ್ನಿನ ಕೊನೆಯಲ್ಲಿ ಆ ಆಸರೆ ತೊಟ್ಟು ಅದೇ ಡಾಕ್ಟರ ಜೊತೆ ಕುಣಿಯುತ್ತಾಳೆ. ಕರುಣೆ ಉಕ್ಕಿಸುವ ಸಂಗೀತವಿಲ್ಲ, ಭಾಷಣವಿಲ್ಲ. ದಣಿದ ಇಬ್ಬರು ಕುಣಿಯುತ್ತಾರೆ, ಅಷ್ಟೇ.

ಬೈಗುಳ ವಿಪರೀತ, ನಿಜ. ಆದರೆ ಆ ಬೈಗುಳದ ನಡುವೆಯೇ ಶೇಕ್ಸ್‌ಪಿಯರ್ ನಾಟಕದಂಥ ಉದ್ದುದ್ದ ವಾಕ್ಯಗಳು, ಸ್ವಗತಗಳು ಬರುತ್ತವೆ. ಸ್ವೆರಂಜನ್ ಪಾತ್ರದ ಇಯಾನ್ ಮೆಕ್‌ಶೇನ್ ಅವನ್ನು ಆಡುವಾಗ ಕೊಲೆಗಾರನೊಬ್ಬ ತನ್ನೊಳಗನ್ನು ತಾನೇ ವಿಚಾರಣೆ ಮಾಡಿಕೊಳ್ಳುವಂತಿರುತ್ತದೆ. ಒಂದು ಕೊರತೆಯನ್ನೂ ಹೇಳಲೇಬೇಕು. ಯಾರ ನೆಲದ ಮೇಲೆ ಈ ಊರು ಎದ್ದಿತೋ ಆ ಲಕೋಟಾ ಜನರಿಗೆ ಇಲ್ಲಿ ದನಿ ಇಲ್ಲವೆಂದೇ ಹೇಳಬೇಕು. ಅವರು ಚೌಕಟ್ಟಿನ ಹೊರಗೇ ಉಳಿದರು.

ಎರಡನೇ ಸೀಸನ್ನಿನ ಕೊನೆಗೆ ಜಾರ್ಜ್ ಹರ್ಸ್ಟ್ ಬರುತ್ತಾನೆ, ಹೋಮ್‌ಸ್ಟೇಕ್ ಗಣಿಯ ಧಣಿ. ಜನ ಕಷ್ಟಪಟ್ಟು ಕಟ್ಟಿಕೊಂಡ ವ್ಯವಸ್ಥೆಯನ್ನು ಅವನ ಹಣ ನುಂಗತೊಡಗುತ್ತದೆ. ಅವನ ಸೇಡು ತಣಿಸಲು ಸ್ವೆರಂಜನ್ ಏನೂ ಅರಿಯದ ಹುಡುಗಿಯೊಬ್ಬಳನ್ನು ಕೊಲ್ಲುತ್ತಾನೆ. ಮೂರನೇ ಸೀಸನ್ನಿನ ಕೊನೆಯ ದೃಶ್ಯದಲ್ಲಿ ಮೊಣಕಾಲೂರಿ ನೆಲದ ರಕ್ತವನ್ನು ತಿಕ್ಕಿ ತಿಕ್ಕಿ ತೊಳೆಯುತ್ತಾನೆ. ಅಲ್ಲಿಗೆ ಪರದೆ ಬಿತ್ತು.

ಈ ಅಪೂರ್ಣತೆಯೇ ಚೆಂದ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಊರು ಹುಟ್ಟುವುದನ್ನು ತೋರಿಸಿಯಾಗಿತ್ತು. ಧಣಿಯ ಹಿಡಿತಕ್ಕೆ ಸಿಕ್ಕ ಊರು ಬದುಕುವುದು ಹೇಗೆ ಎಂಬ ಹೆಚ್ಚು ಕಷ್ಟದ ಭಾಗ ಬಾಕಿಯಿತ್ತು. 1879ರ ಸೆಪ್ಟೆಂಬರ್‌ನ ಬೆಂಕಿಯಲ್ಲಿ ಡೆಡ್‌ವುಡ್‌ನ ಬಹುಪಾಲು ಸುಟ್ಟುಹೋಯಿತು. ಜನ ಮತ್ತೆ ಕಟ್ಟಿದರು. ಅದನ್ನು ಮಿಲ್ಚ್ ಲೇಖನಿಯಲ್ಲಿ ನೋಡುವ ಭಾಗ್ಯ ನಮಗಿಲ್ಲವಾಯಿತು.

ನಿಂತದ್ದು ವೀಕ್ಷಕರು ಬೇಸತ್ತು ಅಲ್ಲ. ಖರ್ಚು ದೊಡ್ಡದಿತ್ತು, ಒಡೆತನ ಎಚ್‌ಬಿಒ ಮತ್ತು ಪ್ಯಾರಾಮೌಂಟ್ ನಡುವೆ ಹಂಚಿಹೋಗಿತ್ತು. ಕಡಿಮೆ ಕಂತುಗಳಲ್ಲಿ ಮುಗಿಸುವ ಪ್ರಸ್ತಾಪವನ್ನು ಮಿಲ್ಚ್ ಒಪ್ಪಲಿಲ್ಲ. ಎರಡು ಸಿನಿಮಾ ಮಾಡುತ್ತೇವೆಂಬ ಮಾತು ಮಾತಾಗಿಯೇ ಉಳಿಯಿತು. ಕೊನೆಗೆ 2019ರಲ್ಲಿ ಒಂದು ಸಿನಿಮಾ ಬಂತು, ಮಿಲ್ಚ್ ಅವರಿಗೆ ಆಲ್‌ಜೈಮರ್ಸ್ ಕಾಡುತ್ತಿದ್ದ ಹೊತ್ತಿನಲ್ಲಿ. ಕಥೆ ಒಮ್ಮೆಲೇ 1889ಕ್ಕೆ ಹಾರುತ್ತದೆ. ಬೀದಿಯಲ್ಲಿ ಟೆಲಿಫೋನ್ ಕಂಬಗಳು, ಎಲ್ಲರ ತಲೆಯಲ್ಲೂ ನರೆ, ಹರ್ಸ್ಟ್ ಈಗ ಸೆನೆಟರ್. ಮನ ಕರಗಿಸುವ ಚಿತ್ರ ಅದು, ಆದರೆ ನಡುವಿನ ಹನ್ನೆರಡು ವರ್ಷಗಳನ್ನು ಎರಡು ಗಂಟೆ ತುಂಬಿಕೊಡಲಾರದು.

ನೋಡದವರು ದಯವಿಟ್ಟು ಸಿನಿಮಾದಿಂದ ಶುರುಮಾಡಬೇಡಿ. ಮೊದಲ ಸೀಸನ್ನಿನಿಂದಲೇ ನೋಡಿ, ಮಕ್ಕಳನ್ನು ದೂರವಿಟ್ಟು. ಭಾಷೆ ಕಿವಿಗೆ ಹೊಂದುವುದಕ್ಕೆ ಸ್ವಲ್ಪ ಸಮಯ ಬೇಕು. ಹಿಕಾಕ್ ಸಾಯುವ ನಾಲ್ಕನೇ ಕಂತಿನವರೆಗಾದರೂ ತಾಳ್ಮೆಯಿರಲಿ. ಊರಿನ ಕಥೆ ಅಲ್ಲಿಂದ ಶುರುವಾಗುತ್ತದೆ.